ಕೋಶ ಕಾಯುವವರೂ ದೇಶ ಸುತ್ತಬೇಕು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಸುತ್ತುವವನಿಗೂ ಓದುವವನಿಗೂ ಆ ಮಾತಿನಲ್ಲಿ ಸ್ಥಾನವುಂಟು. ಆದರೆ ಕೋಶವನ್ನು ಕಾಯುತ್ತ, ಅದರ ಧೂಳನ್ನು ಒರಸುತ್ತ, ಕೇಳಿದವರಿಗೆ ಕೇಳಿದ್ದನ್ನು ತೆಗೆದುಕೊಡುತ್ತ ಕುಳಿತಿರುವ ಗ್ರಂಥಪಾಲಕರ ಪಾಡೇನು? ಅವರು ದೇಶ ಸುತ್ತಲು ಹೊರಟರೆ ವಾಚನಾಲಯದ ಬಾಗಿಲು ತೆರೆಯುವವರಿಲ್ಲ. ಕೋಶ ಓದಲು ಕುಳಿತರೆ ಓದುಗರಿಗೆ ಉತ್ತರ ಕೊಡುವವರಿಲ್ಲ. ಹಿರಿಯರ ಗಾದೆಯ ಎರಡು ಭಾಗಗಳಿಂದಲೂ ಹೊರಗುಳಿದವರು ಅವರು.

ಈ ವಿಚಾರ ನಮಗೆ ತಾನಾಗಿ ಹೊಳೆದುದಲ್ಲ. ಕಾಸರಗೋಡು ಸೀಮೆಯ ನಮ್ಮ ಹಳ್ಳಿಯಲ್ಲಿ ಹಂಚಿನ ಮಾಡಿನ ಎರಡು ಕೋಣೆಗಳ ಕನ್ನಡ ವಾಚನಾಲಯವೊಂದಿದೆ. ಅದರ ಸಮಿತಿಯಲ್ಲಿ ನಾವೂ ಒಬ್ಬರು. ಅಲ್ಲಿನ ಗ್ರಂಥಪಾಲಕಿಯವರನ್ನು ಶಾಲೆಯ ಮಕ್ಕಳೂ ಮುದುಕರೂ ಒಂದೇ ಹೆಸರಿನಿಂದ 'ಅಕ್ಕ' ಎಂದು ಕರೆಯುತ್ತಾರೆ. ದೊರೆಯುವ ಗೌರವಧನ ಅಲ್ಪ. ಮಾಡುವ ಕೆಲಸ ಬಹಳ. ಅವರಿಗೆ ನೆರೆರಾಜ್ಯದ ನಗರವೊಂದರಲ್ಲಿ ನಡೆಯಲಿದ್ದ ಮೂರು ದಿನಗಳ ಗ್ರಂಥಪಾಲಕರ ಸಮ್ಮೇಳನಕ್ಕೆ ಆಹ್ವಾನ ಬಂತು. ರೈಲಿನ ಟಿಕೇಟು ಮತ್ತು ಪ್ರತಿನಿಧಿ ಶುಲ್ಕವನ್ನು ವಾಚನಾಲಯವು ಭರಿಸಬಹುದೇ ಎಂದು ಅವರು ಸಂಕೋಚದಿಂದಲೇ ಒಂದು ಅರ್ಜಿ ಬರೆದುಕೊಟ್ಟರು.

ಸಭೆಯಲ್ಲಿ ಚರ್ಚೆಯಾಯಿತು. ನಮ್ಮ ಸಮಿತಿಯ ಹಿರಿಯರಾದ ನಿವೃತ್ತ ಮಾಸ್ತರರು ಮೊದಲು ಮಾತನಾಡಿದರು. "ಅಲ್ಲ ಮಾರಾಯರೆ, ಆ ಹಣಕ್ಕೆ ಹದಿನೈದು ಒಳ್ಳೆಯ ಪುಸ್ತಕಗಳು ಬಂದಾವು. ಸಮ್ಮೇಳನದಿಂದ ಏನು ಬಂದೀತು? ಒಂದು ಕೈಚೀಲ, ಒಂದು ಪೆನ್ನು, ಒಂದು ಗುಂಪು ಚಿತ್ರ. ಅಷ್ಟೇ ತಾನೆ?" ಎಂದರು. ನಾವೆಲ್ಲರೂ ನಕ್ಕೆವು. ನಿಜ ಹೇಳಬೇಕೆಂದರೆ, ನಮ್ಮ ಮನಸ್ಸೂ ಅವರ ಕಡೆಗೇ ವಾಲಿತ್ತು. ಗಡಿನಾಡಿನ ವಾಚನಾಲಯಕ್ಕೆ ಹೊಸ ಕನ್ನಡ ಪುಸ್ತಕ ಬರುವುದೇ ಅಪರೂಪ. ಅಂಥಲ್ಲಿ ಹದಿನೈದು ಪುಸ್ತಕಗಳನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಕೊನೆಗೆ ಒಂದು ನಡುವಿನ ದಾರಿ ಹುಡುಕಿದೆವು. ಟಿಕೇಟಿನ ಹಣ ಸಮಿತಿಯದು, ಉಳಿದ ಖರ್ಚು ಅವರದು, ಹಿಂದಿರುಗಿದ ಮೇಲೆ ತಾವು ಏನು ತಂದೆವೆಂಬುದನ್ನು ಸಭೆಗೆ ತಿಳಿಸಬೇಕು ಎಂದು ನಿರ್ಣಯಿಸಿದೆವು. ಅವರು ಏನನ್ನು ತಂದರೆಂಬುದೇ ಈ ತಿಂಗಳ ನಮ್ಮ ವಿಷಯ.

ಅದಕ್ಕೂ ಮೊದಲು ಗ್ರಂಥಪಾಲಕರ ವೃತ್ತಿಯ ಒಂದು ಲಕ್ಷಣವನ್ನು ಗಮನಿಸಬೇಕು. ಶಾಲೆಯಲ್ಲಿ ಅಧ್ಯಾಪಕರಿಗೆ ಜೊತೆಯ ಅಧ್ಯಾಪಕರಿದ್ದಾರೆ. ಪಾಠವೊಂದು ಕಠಿಣವೆನಿಸಿದರೆ ಪಕ್ಕದ ಕೋಣೆಯವರನ್ನು ಕೇಳಬಹುದು. ಬಡಗಿಗೆ ಬಡಗಿಗಳ ಒಡನಾಟವಿದೆ. ಅಡುಗೆಯವರಿಗೆ ಮದುವೆಯ ಮನೆಯಲ್ಲಿ ನಾಲ್ಕು ಜನ ಅಡುಗೆಯವರು ಸಿಗುತ್ತಾರೆ. ಹಳ್ಳಿಯ ಗ್ರಂಥಪಾಲಕರು ಮಾತ್ರ ತಮ್ಮ ಊರಿನಲ್ಲಿ ತಮ್ಮ ವೃತ್ತಿಯ ಏಕೈಕ ವ್ಯಕ್ತಿ. ಅವರು ಮಾಡಿದ ತಪ್ಪನ್ನು ತಿದ್ದುವವರಿಲ್ಲ; ಮಾಡಿದ ಒಳ್ಳೆಯ ಕೆಲಸವನ್ನು ಅರಿತು ಮೆಚ್ಚುವವರೂ ಇಲ್ಲ.

ಈ ಒಂಟಿತನ ಎಂಥವರನ್ನೂ ಕಂಗೆಡಿಸೀತು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಹೆಸರಾದ ಎಸ್. ಆರ್. ರಂಗನಾಥನ್ ಅವರ ಕಥೆಯನ್ನೇ ನೋಡಿ. ಗಣಿತದ ಅಧ್ಯಾಪಕರಾಗಿದ್ದ ಅವರು 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲಕರಾದರು. ತರಗತಿಯ ಗಲಗಲದಲ್ಲಿ ಬೆಳೆದ ಜೀವಕ್ಕೆ ಆ ನಿಶ್ಶಬ್ದ ಕಟ್ಟಡ ಸೆರೆಮನೆಯಂತಾಯಿತು. ಕೆಲವೇ ದಿನಗಳಲ್ಲಿ ಅವರು ಮೇಲಧಿಕಾರಿಗಳ ಬಳಿಗೆ ಹೋಗಿ, ತಮ್ಮನ್ನು ಮರಳಿ ಪಾಠಕ್ಕೇ ಕಳುಹಿಸಬೇಕೆಂದು ಬೇಡಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬನ್ನಿ, ಆಮೇಲೂ ಬೇಡವೆನಿಸಿದರೆ ಹಳೆಯ ಕೆಲಸ ನಿಮ್ಮದೇ ಎಂಬ ಒಪ್ಪಂದವಾಯಿತು.

ಹಾಗೆ ಹೋದ ರಂಗನಾಥನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಭ್ಯಾಸ ಮಾಡಿದರು. ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಒಂದೇ ವೃತ್ತಿಯವರು ಒಂದೊಂದು ಕಡೆ ಒಂದೊಂದು ಬಗೆಯಲ್ಲಿ ದುಡಿಯುವುದನ್ನು ಕಂಡರು. ಅಲ್ಲಿನ ದೊಡ್ಡ ಅಂಗಡಿಯೊಂದರಲ್ಲಿ ಮಕ್ಕಳ ಜೋಡಣೆಯ ಆಟಿಕೆಯನ್ನು ನೋಡುತ್ತಿದ್ದಾಗ, ಸಣ್ಣ ತುಂಡುಗಳನ್ನು ಬೇಕಾದಂತೆ ಕೂಡಿಸಿ ಹೊಸ ಹೊಸ ರೂಪ ಕಟ್ಟುವಂತೆ ವಿಷಯಗಳನ್ನೂ ಕೂಡಿಸಿ ಪುಸ್ತಕಗಳನ್ನು ವರ್ಗೀಕರಿಸಬಹುದೆಂದು ಹೊಳೆಯಿತಂತೆ. 1933ರಲ್ಲಿ ಅಚ್ಚಾದ ಅವರ ಕೋಲನ್ ವರ್ಗೀಕರಣದ ಬೀಜ ಅದೇ. 1925ರಲ್ಲಿ ಮರಳಿ ಬಂದ ಮೇಲೆ ಅವರು ಗಣಿತದ ಮಾತೆತ್ತಲಿಲ್ಲ. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಮದರಾಸಿನ ಮೌನದಲ್ಲಿ ಓಡಿಹೋಗಬೇಕೆಂದಿದ್ದ ಮನುಷ್ಯನನ್ನು ಆ ವೃತ್ತಿಯಲ್ಲಿ ನಿಲ್ಲಿಸಿದ್ದು, ತನ್ನಂತೆ ದುಡಿಯುವ ಇತರರನ್ನು ಕಂಡ ಅನುಭವವೇ.

ಎಲ್ಲರೂ ಲಂಡನ್ನಿಗೆ ಹೋಗಲಾರರು, ನೂರು ಗ್ರಂಥಾಲಯಗಳನ್ನು ಸುತ್ತಲಾರರು. ಆದ್ದರಿಂದಲೇ ಸಮ್ಮೇಳನಗಳು ಹುಟ್ಟಿದವು. ನೂರು ಗ್ರಂಥಾಲಯಗಳಿಗೆ ಒಬ್ಬರು ಹೋಗುವ ಬದಲು ನೂರು ಗ್ರಂಥಾಲಯಗಳವರು ಒಂದೆಡೆ ಸೇರುವ ಉಪಾಯವದು. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ 103 ಗ್ರಂಥಪಾಲಕರು ಹೀಗೆ ಸೇರಿದರು. ಅವರಲ್ಲಿ 13 ಮಂದಿ ಮಹಿಳೆಯರು. ಅಮೆರಿಕದ ಗ್ರಂಥಾಲಯ ಸಂಘ ಹುಟ್ಟಿದ್ದು ಆ ಸಭೆಯಲ್ಲಿ. ಮರುವರ್ಷ ಲಂಡನ್ನಿನ ಸಮ್ಮೇಳನದಲ್ಲಿ ಬ್ರಿಟನ್ನಿನ ಸಂಘ ಹುಟ್ಟಿತು. ಆ ಸಂಘದ ಐವತ್ತನೆಯ ವರ್ಷದ ಸಮಾರಂಭಕ್ಕಾಗಿ 1927ರಲ್ಲಿ ಎಡಿನ್‌ಬರೋದಲ್ಲಿ ನೆರೆದವರು ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು. ಆ ಒಕ್ಕೂಟದ ಮಹಾಸಮ್ಮೇಳನ 1992ರಲ್ಲಿ ನಮ್ಮ ದೆಹಲಿಯಲ್ಲಿಯೂ ನಡೆಯಿತು.

ನಮ್ಮ ನಾಡಿನ ಚರಿತ್ರೆಯೂ ಇದೇ ಬಗೆಯದು. 1914ರಲ್ಲಿ ಬೆಜವಾಡದಲ್ಲಿ, ಅಂದರೆ ಈಗಿನ ವಿಜಯವಾಡದಲ್ಲಿ, ಅಯ್ಯಂಕಿ ವೆಂಕಟರಮಣಯ್ಯನವರ ಪ್ರಯತ್ನದಿಂದ ಆಂಧ್ರದ ಗ್ರಂಥಾಲಯಗಳವರು ಒಟ್ಟುಗೂಡಿದರು. 1919ರ ನವೆಂಬರ್ 14ರಂದು ಮದರಾಸಿನಲ್ಲಿ ಅಖಿಲ ಭಾರತದ ಸಾರ್ವಜನಿಕ ಗ್ರಂಥಾಲಯಗಳ ಸಮ್ಮೇಳನವಾಯಿತು. ಇಂದು ನವೆಂಬರ್ 14ರಿಂದ ನಾವು ಆಚರಿಸುವ ಗ್ರಂಥಾಲಯ ಸಪ್ತಾಹದ ಹಿಂದೆ ಆ ದಿನದ ನೆನಪಿದೆ.

1924ರ ಬೆಳಗಾವಿ ಎಂದರೆ ಕನ್ನಡಿಗರಿಗೆ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನ ನೆನಪಾಗುತ್ತದೆ. ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ನಡೆದ ಕರ್ನಾಟಕ ಏಕೀಕರಣದ ಮೊದಲ ಪರಿಷತ್ತು ನೆನಪಾಗುತ್ತದೆ. ಅದೇ ಬೆಳಗಾವಿಯಲ್ಲಿ, ಅದೇ ಡಿಸೆಂಬರಿನಲ್ಲಿ, ದೇಶಬಂಧು ಚಿತ್ತರಂಜನ ದಾಸರ ಅಧ್ಯಕ್ಷತೆಯಲ್ಲಿ ಗ್ರಂಥಾಲಯ ಸಮ್ಮೇಳನವೂ ನಡೆಯಿತೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಿಮೆ. ಅಲ್ಲಿ ಹೊತ್ತಿದ ಕಿಡಿ ಬಂಗಾಳವನ್ನು ಮುಟ್ಟಿತು; ಮರುವರ್ಷ, 1925ರಲ್ಲಿ, ಬಂಗಾಳದ ಗ್ರಂಥಾಲಯ ಸಂಘ ಸ್ಥಾಪನೆಯಾಗಿ ರವೀಂದ್ರನಾಥ ಠಾಕೂರರು ಅದರ ಮೊದಲ ಅಧ್ಯಕ್ಷರಾದರು. 1927ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಇಂಥದೇ ಸಮ್ಮೇಳನ ನಡೆದ ಬೆನ್ನಿಗೆ 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಬಂತು. 1933ರ ಸೆಪ್ಟೆಂಬರಿನಲ್ಲಿ ಕಲಕತ್ತೆಯ ಸಮ್ಮೇಳನದಲ್ಲಿ ಭಾರತೀಯ ಗ್ರಂಥಾಲಯ ಸಂಘ ಜನಿಸಿತು. ನಾವಿರುವ ಕೇರಳದಲ್ಲಿ ಪ್ರಾಥಮಿಕ ಶಾಲೆಯ ಅಧ್ಯಾಪಕರಾಗಿದ್ದ ಪಿ. ಎನ್. ಪಣಿಕ್ಕರ್ ಅವರು 1945ರಲ್ಲಿ 47 ಗ್ರಾಮೀಣ ಗ್ರಂಥಾಲಯಗಳನ್ನು ಕೂಡಿಸಿ ತಿರುವಾಂಕೂರು ಗ್ರಂಥಶಾಲಾ ಸಂಘವನ್ನು ಕಟ್ಟಿದರು. ಇಂದು ಕೇರಳದ ಹಳ್ಳಿಹಳ್ಳಿಯಲ್ಲಿ ಕಾಣುವ ವಾಚನಾಲಯಗಳ ಜಾಲಕ್ಕೆ ಅದೇ ಮೂಲ. ಅವರು ಅಗಲಿದ ಜೂನ್ 19ನ್ನು ಕೇರಳದಲ್ಲಿ ಓದಿನ ದಿನವೆಂದು ಆಚರಿಸುತ್ತಾರೆ. ನಮ್ಮ ಕನ್ನಡ ಶಾಲೆಗಳ ಮಕ್ಕಳೂ ಅಂದು ಪುಸ್ತಕ ಹಿಡಿದು ನಿಲ್ಲುತ್ತಾರೆ.

ಇಷ್ಟು ಚರಿತ್ರೆಯನ್ನು ಹೇಳಿದ್ದು ಪಾಂಡಿತ್ಯಕ್ಕಾಗಿ ಅಲ್ಲ. ಗ್ರಂಥಾಲಯಗಳ ಲೋಕದಲ್ಲಿ ಬಾಳಿ ಬಂದ ಕೆಲಸಗಳಲ್ಲಿ ಹಲವು, ಒಂಟಿಯಾಗಿ ದುಡಿಯುತ್ತಿದ್ದವರು ಎರಡು ಮೂರು ದಿನ ಒಟ್ಟಿಗೆ ಕುಳಿತಾಗ ಆರಂಭವಾದವು ಎಂಬುದನ್ನು ತೋರಿಸುವುದಕ್ಕಾಗಿ.

ಈಗ ನಮ್ಮ ಅಕ್ಕನವರ ವರದಿಗೆ ಬರೋಣ. ಸಭೆಯ ದಿನ ಅವರು ನೂರು ಪುಟದ ಒಂದು ನೋಟುಪುಸ್ತಕದೊಡನೆ ಬಂದರು. ಮಾಸ್ತರರು ಹೇಳಿದ್ದ ಕೈಚೀಲ ಮತ್ತು ಪೆನ್ನು ಸಹ ಅವರೊಡನೆ ಬಂದಿದ್ದವು. ಅದನ್ನು ಅವರೇ ನಗುತ್ತ ಎತ್ತಿ ತೋರಿಸಿದರು. ಆಮೇಲೆ ನೋಟುಪುಸ್ತಕವನ್ನು ತೆರೆದರು.

ಮೊದಲ ಪಾಠ ಹರಿದ ಪುಟಗಳದ್ದು. ಪುಟ ಹರಿದಾಗ ನಾವೆಲ್ಲ ಮಾಡುವುದೇನು? ಅಂಗಡಿಯಿಂದ ಪಾರದರ್ಶಕ ಅಂಟುಪಟ್ಟಿಯನ್ನು ತಂದು ಅಂಟಿಸುತ್ತೇವೆ. ನಮ್ಮ ವಾಚನಾಲಯದಲ್ಲಿಯೂ ವರ್ಷಗಳಿಂದ ಅದೇ ನಡೆದಿತ್ತು. ಆ ಪಟ್ಟಿಯ ಅಂಟು ಕಾಲಕ್ರಮದಲ್ಲಿ ಹಳದಿಯಾಗಿ, ಕಾಗದದೊಳಕ್ಕೆ ಇಳಿದು, ಕಂದು ಕಲೆಯನ್ನು ಉಳಿಸುತ್ತದೆ. ಕೊನೆಗೆ ಪಟ್ಟಿ ಒಣಗಿ ಉದುರುತ್ತದೆ, ಕಲೆ ಮಾತ್ರ ಹೋಗುವುದಿಲ್ಲ. ಉಳಿಸಿಕೊಳ್ಳಬೇಕಾದ ಪುಸ್ತಕಕ್ಕೆ ಉದ್ದ ನಾರಿನ ತೆಳುಕಾಗದವನ್ನು ಗೋಧಿಯ ಪಿಷ್ಟದ ಗಂಜಿಯಿಂದ ಅಂಟಿಸಬೇಕು. ಬೇಡವೆನಿಸಿದಾಗ ನೀರಿನ ಪಸೆಯಿಂದ ಅದನ್ನು ಬಿಡಿಸಲೂ ಬರುತ್ತದೆ. ಇದನ್ನು ಅವರಿಗೆ ಭಾಷಣದಲ್ಲಿ ಹೇಳಲಿಲ್ಲ. ಒಂದು ಮೇಜಿನ ಸುತ್ತ ನಿಲ್ಲಿಸಿ, ಕೈಯಲ್ಲಿಯೇ ಮಾಡಿಸಿದರಂತೆ.

ಎರಡನೆಯದು ನಮ್ಮ ಮಳೆಗಾಲಕ್ಕೆ ಸಂಬಂಧಿಸಿದ್ದು. ಆಟಿ ತಿಂಗಳಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಸಲು ಬರುತ್ತದೆ, ಪುಸ್ತಕ ಉಳಿದೀತೇ? ಕಪಾಟನ್ನು ಗೋಡೆಗೆ ಒತ್ತಿ ಇಡಬಾರದು, ಗೇಣಿನಷ್ಟಾದರೂ ಜಾಗ ಬಿಟ್ಟು ಗಾಳಿಯಾಡಿಸಬೇಕು. ಕೆಳಗಿನ ಹಲಗೆ ನೆಲಕ್ಕೆ ತಾಗಬಾರದು. ಪುಸ್ತಕಗಳನ್ನು ಬೆರಳು ತೂರದಷ್ಟು ಬಿಗಿಯಾಗಿ ತುಂಬಬಾರದು. ನೆನೆದ ಪುಸ್ತಕವನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ನಮ್ಮ ಕಪಾಟುಗಳು ಮೂವತ್ತು ವರ್ಷಗಳಿಂದ ಪಡುಗೋಡೆಗೆ ಅಂಟಿಕೊಂಡೇ ನಿಂತಿದ್ದವು. ಒರಲೆ ಬರುವುದು ನಮ್ಮ ದುರದೃಷ್ಟವೆಂದು ತಿಳಿದಿದ್ದೆವು. ಮರುದಿನವೇ ನಾಲ್ಕು ಜನ ಯುವಕರು ಸೇರಿ ಕಪಾಟುಗಳನ್ನು ಮುಂದಕ್ಕೆ ಸರಿಸಿದರು. ಗೋಡೆಯಲ್ಲಿ ಕಂಡ ಮಣ್ಣಿನ ಗೆರೆಗಳನ್ನು ನಾವು ಇಲ್ಲಿ ವರ್ಣಿಸುವುದಿಲ್ಲ.

ಮೂರನೆಯದು ತುಳು ಪುಸ್ತಕಗಳ ಪ್ರಶ್ನೆ. ಡ್ಯೂಯಿಯವರ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಕನ್ನಡ ಲಿಪಿಯಲ್ಲಿ ಅಚ್ಚಾಗಿರುವ ತುಳು ಮತ್ತು ಕೊಂಕಣಿ ಪುಸ್ತಕಗಳನ್ನು ನಮ್ಮಲ್ಲಿ ಆ ಸಾಲಿಗೇ ಸೇರಿಸಿಬಿಟ್ಟಿದ್ದರು. ತುಳು ಕಥೆಯನ್ನು ಅರಸಿ ಬಂದವರು ಕನ್ನಡ ಕಾದಂಬರಿಗಳ ನಡುವೆ ಕಣ್ಣು ನೋಯಿಸಿಕೊಂಡು ಮರಳುತ್ತಿದ್ದರು. ಸಮ್ಮೇಳನದಲ್ಲಿ ಅಕ್ಕನವರು ಧೈರ್ಯ ಮಾಡಿ ಎದ್ದು ನಿಂತು ಈ ತೊಡಕನ್ನು ಕೇಳಿದರಂತೆ. ಲಿಪಿಯನ್ನು ನೋಡಬೇಡಿ, ಭಾಷೆಯನ್ನು ನೋಡಿ ಎಂಬ ಉತ್ತರ ಬಂತು. ಹೇಳಿದ ಮೇಲೆ ಸುಲಭ. ಆದರೆ ಅದನ್ನು ಹೇಳುವವರು ನಮ್ಮೂರಿನಲ್ಲಿ ಯಾರಿದ್ದರು? ಈಗ ತುಳುವಿಗೊಂದು ಹಲಗೆ, ಕೊಂಕಣಿಗೊಂದು ಹಲಗೆ ಬೇರೆಯಾಗಿವೆ. ಕಳೆದ ತಿಂಗಳು ತುಳು ಹಲಗೆಯೇ ಹೆಚ್ಚು ಬರಿದಾಯಿತೆಂದು ಅವರು ಹೇಳಿದಾಗ ನಮಗೆ ಸಂತೋಷವಾಯಿತು.

ನಾಲ್ಕನೆಯದು ಕಂಪ್ಯೂಟರಿನದು. ದುಬಾರಿ ತಂತ್ರಾಂಶ ಬೇಕೆಂದು ಹೆದರಿ ನಾವು ಆ ವಿಚಾರವನ್ನೇ ಕೈಬಿಟ್ಟಿದ್ದೆವು. ನ್ಯೂಜಿಲೆಂಡಿನ ಹೊರೊವೆನುವಾ ಎಂಬಲ್ಲಿನ ಗ್ರಂಥಾಲಯಕ್ಕಾಗಿ ಸಿದ್ಧವಾಗಿ 2000ದ ಜನವರಿಯಿಂದ ಬಳಕೆಗೆ ಬಂದ ಕೋಹಾ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಬೆಲೆ ಕೊಡದೆ ಬಳಸಬಹುದಂತೆ. ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ ಎಂದರ್ಥ. ಯೂನಿಕೋಡ್ ಬಂದ ಮೇಲೆ ಪುಸ್ತಕದ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆದಿಡಬಹುದು, ಕನ್ನಡದಲ್ಲಿಯೇ ಹುಡುಕಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಒಬ್ಬನೇ ಲೇಖಕನ ಹೆಸರು ನಾಲ್ಕು ಬಗೆಯಾಗಿ, ನಾಲ್ಕು ಕಡೆ ಚದರಿಹೋಗುತ್ತದೆ. ಈ ಕೆಲಸ ನಮ್ಮಲ್ಲಿ ಇನ್ನೂ ಆರಂಭವಾಗಿಲ್ಲ. ಆದರೆ ಅದು ಅಸಾಧ್ಯವೆಂಬ ಭಯ ಹೋಗಿದೆ.

ನೋಟುಪುಸ್ತಕದ ಕೊನೆಯ ಪುಟದಲ್ಲಿ ಹನ್ನೊಂದು ಹೆಸರುಗಳೂ ಫೋನ್ ನಂಬರುಗಳೂ ಇದ್ದವು. ಈ ಪುಟವೇ ಮಿಕ್ಕೆಲ್ಲ ಪುಟಗಳಿಗಿಂತ ಬೆಲೆಯುಳ್ಳದ್ದು ಎಂದು ಅವರು ಹೇಳಿದರು. ಆಗ ನಮಗೆ ಅದು ಪೂರ್ಣವಾಗಿ ತಿಳಿಯಲಿಲ್ಲ. ಎರಡು ತಿಂಗಳ ಬಳಿಕ ತಿಳಿಯಿತು. ನಮ್ಮೂರಿನ ಹುಡುಗನೊಬ್ಬ ತನ್ನ ಸಂಶೋಧನೆಗೆ 1956ಕ್ಕಿಂತ ಹಿಂದಿನ ಕನ್ನಡ ಮಾಸಿಕವೊಂದರ ಸಂಚಿಕೆಯನ್ನು ಅರಸುತ್ತಿದ್ದನು. ಊರೂರು ತಿರುಗಿ ಸೋತು ವಾಚನಾಲಯಕ್ಕೆ ಬಂದನು. ಅಕ್ಕನವರು ಆ ಹನ್ನೊಂದರಲ್ಲಿ ಮೂವರಿಗೆ ಫೋನ್ ಮಾಡಿದರು. ನಾಲ್ಕನೆಯ ದಿನ ಸೊಲ್ಲಾಪುರದ ಕಡೆಯ ಒಂದು ವಾಚನಾಲಯದಿಂದ ಆ ಲೇಖನದ ಚಿತ್ರಗಳು ಬಂದವು. ಗಡಿಯ ಈ ತುದಿಯ ಪ್ರಶ್ನೆಗೆ ಗಡಿಯ ಆ ತುದಿಯ ಕಪಾಟಿನಲ್ಲಿ ಉತ್ತರವಿತ್ತು. ಎರಡು ಕಪಾಟುಗಳ ನಡುವೆ ದಾರಿಯಾದುದು ಸಮ್ಮೇಳನದ ಊಟದ ಪಂಕ್ತಿಯಲ್ಲಿ ಪಕ್ಕಪಕ್ಕ ಕುಳಿತ ಇಬ್ಬರಿಂದ.

ಗಡಿನಾಡಿನ ನಮಗೆ ಈ ಒಡನಾಟ ಇತರರಿಗಿಂತ ಹೆಚ್ಚು ಅಗತ್ಯವೆಂದು ನಮ್ಮ ಅಭಿಪ್ರಾಯ. ಕಾರಣ ಹೇಳುತ್ತೇವೆ. ಭಾಷೆ ಒಂದಾದರೂ ನಮ್ಮ ವಾಚನಾಲಯಗಳನ್ನು ಆಳುವ ಕಾನೂನುಗಳು ಬೇರೆ ಬೇರೆ. ಕಾಸರಗೋಡು 1956ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಂದು ನಮಗೆ 1948ರ ಮದರಾಸು ಕಾನೂನು ಅನ್ವಯಿಸುತ್ತಿತ್ತು. ಇಂದು ನಮಗೆ ಕೇರಳದ 1989ರ ಕಾನೂನು. ಹೊಸೂರು, ತಾಳವಾಡಿಗಳಲ್ಲಿ ಇರುವವರಿಗೆ ಅದೇ ಹಳೆಯ ಮದರಾಸಿನ ಕಾನೂನಿನ ಮುಂದುವರಿಕೆ. ಆದವಾನಿ, ರಾಯದುರ್ಗ, ಮಡಕಶಿರದವರಿಗೆ ಆಂಧ್ರದ 1960ರ ಕಾನೂನು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಮಹಾರಾಷ್ಟ್ರದ 1967ರದು. ಗೋವದಲ್ಲಿ 1993ರದು. ಇವುಗಳ ನಡುವೆ ಕರ್ನಾಟಕದ 1965ರ ಕಾನೂನು ಬೇರೆಯೇ.

ಕೆಲವು ಕಡೆ ಮನೆ ತೆರಿಗೆಯೊಡನೆ ಗ್ರಂಥಾಲಯದ ಕರವೂ ಸೇರಿ ಬರುತ್ತದೆ. ಮಹಾರಾಷ್ಟ್ರದಲ್ಲಿ ಅಂಥ ಕರವಿಲ್ಲ. ಜನರೇ ನಡೆಸುವ ವಾಚನಾಲಯಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ ಸರಕಾರ ಅನುದಾನ ಕೊಡುತ್ತದೆ. ಗೋವದ ಕಾನೂನು ಮದ್ಯದ ಮೇಲೆ ಗ್ರಂಥಾಲಯದ ಕರ ಹಾಕುವ ವಿಚಿತ್ರವಾದ ದಾರಿಯನ್ನು ಹಿಡಿಯಿತು. ಕೇರಳದಲ್ಲಿ ಜನರ ವಾಚನಾಲಯಗಳು ಗ್ರಂಥಾಲಯ ಪರಿಷತ್ತಿನೊಡನೆ ಸಂಯೋಜನೆಗೊಂಡು, ದರ್ಜೆಗೆ ತಕ್ಕ ಅನುದಾನವನ್ನು ಪಡೆಯುತ್ತವೆ. ಇದಲ್ಲದೆ 1972ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿತವಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವು ಎಲ್ಲ ರಾಜ್ಯಗಳಿಗೂ ಉಂಟು. ಯಾವ ಅರ್ಜಿಯನ್ನು ಯಾವಾಗ, ಯಾವ ಭಾಷೆಯಲ್ಲಿ, ಯಾರ ಮೂಲಕ ಕಳುಹಿಸಬೇಕೆಂಬುದನ್ನು ನಮ್ಮ ಹಳ್ಳಿಯ ಸಮಿತಿಗಳು ಬಲ್ಲವೇ? ಅರ್ಜಿ ಬರೆಯಲು ಅರಿಯದೆ ಕೈತಪ್ಪಿದ ಅನುದಾನದಲ್ಲಿ ಎಷ್ಟು ಕನ್ನಡ ಪುಸ್ತಕಗಳು ಬರುತ್ತಿದ್ದವೋ! ಬಲ್ಲವರು ಪಕ್ಕದ ಕುರ್ಚಿಯಲ್ಲಿ ಕುಳಿತಾಗ ಒಂದು ಲೋಟ ಚಹದ ಹೊತ್ತಿನಲ್ಲಿ ಅದನ್ನು ಹೇಳಿಬಿಡುತ್ತಾರೆ.

ಸಮ್ಮೇಳನಗಳೆಲ್ಲ ಹೀಗೆಯೇ ಇರುತ್ತವೆಂದು ವಾಚಕರು ಭ್ರಮಿಸಬಾರದು. ಹಾರ ತುರಾಯಿಗಳಲ್ಲಿ ಅರ್ಧ ದಿನವನ್ನು ಕಳೆಯುವ ಸಮ್ಮೇಳನಗಳನ್ನು ನಾವೂ ಕಂಡಿದ್ದೇವೆ. ದೀಪ ಬೆಳಗಿಸಿದ ಗಣ್ಯರು ದೀಪ ಆರುವ ಮೊದಲೇ ಹೊರಟುಹೋಗುವುದುಂಟು. ಐದು ನಿಮಿಷಕ್ಕೊಂದರಂತೆ ಪ್ರಬಂಧಗಳನ್ನು ಖಾಲಿ ಕುರ್ಚಿಗಳ ಮುಂದೆ ಓದಿಸಿ ಪ್ರಮಾಣಪತ್ರ ಹಂಚುವುದೂ ಉಂಟು. ವಿಶ್ವವಿದ್ಯಾನಿಲಯಗಳ ವಿದ್ವಾಂಸರು ತಮ್ಮೊಳಗೇ ಮಾತನಾಡಿಕೊಳ್ಳುವಾಗ ಹಳ್ಳಿಯಿಂದ ಬಂದವರು ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರುತ್ತಾರೆ. ನಮ್ಮ ಅಕ್ಕನವರಿಗೂ ಮೊದಲ ದಿನ ಏನೂ ತಿಳಿಯದೆ ಅಳು ಬಂದಿತ್ತಂತೆ. ಎರಡನೆಯ ದಿನ ಭಾಷಣದ ಮಂದಿರವನ್ನು ಬಿಟ್ಟು ಪುಸ್ತಕ ದುರಸ್ತಿಯ ಮೇಜಿನ ಬಳಿ ನಿಂತರು. ಅಲ್ಲಿಂದ ಅವರ ಸಮ್ಮೇಳನ ಆರಂಭವಾಯಿತು. ಆದ್ದರಿಂದ ಮಾಸ್ತರರ ಸಂಶಯ ಆಧಾರವಿಲ್ಲದ್ದಲ್ಲ. ಕಳುಹಿಸುವವರೂ ಹೋಗುವವರೂ ಎಚ್ಚರವಾಗಿದ್ದರೆ ಮಾತ್ರ ಫಲ.

ನಮ್ಮ ವಾಚನಾಲಯಗಳ ಸಮಿತಿಗಳಿಗೆ ನಾವು ಕೆಲವು ಸೂಚನೆಗಳನ್ನು ಮಾಡಬಯಸುತ್ತೇವೆ. ಹೋಗುವ ಮೊದಲು ಓದುಗರನ್ನೂ ಸಮಿತಿಯವರನ್ನೂ ಕೇಳಿ, ನಮ್ಮ ವಾಚನಾಲಯದ ಐದು ಕಷ್ಟಗಳನ್ನು ಬರೆದು ಗ್ರಂಥಪಾಲಕರ ಕೈಗೆ ಕೊಡಿ. ಪ್ರಶ್ನೆಯಿಲ್ಲದೆ ಹೋದವರು ಉತ್ತರವಿಲ್ಲದೆ ಬರುತ್ತಾರೆ. ಟಿಕೇಟಿನೊಡನೆ ಊಟದ ಖರ್ಚನ್ನೂ ಕೊಡಿ. ಅಲ್ಪ ಗೌರವಧನದವರ ಕೈಯಿಂದಲೇ ಅದನ್ನು ಭರಿಸಿದ ನಮ್ಮ ನಿರ್ಣಯವನ್ನು ಈಗ ನೆನೆದರೆ ನಮಗೆ ನಾಚಿಕೆಯಾಗುತ್ತದೆ. ಅವರು ಊರಲ್ಲಿಲ್ಲದ ದಿನಗಳಲ್ಲಿ ಬಾಗಿಲು ತೆರೆಯಲು ಒಬ್ಬರನ್ನು ನೇಮಿಸಿ. ನಮ್ಮಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಆ ಮೂರು ಸಂಜೆ ಕುಳಿತಳು, ಈಗ ವಾರಕ್ಕೊಮ್ಮೆ ತಾನಾಗಿ ಬರುತ್ತಾಳೆ. ಮರಳಿದ ಮೇಲೆ ವರದಿ ಕೇಳಿ, ಅದರಲ್ಲಿ ಒಂದನ್ನಾದರೂ ಆ ತಿಂಗಳೇ ಜಾರಿಗೆ ತನ್ನಿ. ವರ್ಷವೂ ದೂರ ಕಳುಹಿಸಲು ಶಕ್ತಿಯಿಲ್ಲದಿದ್ದರೆ, ಸುತ್ತಲಿನ ನಾಲ್ಕು ಪಂಚಾಯತುಗಳ ಗ್ರಂಥಪಾಲಕರನ್ನು ಒಂದು ಭಾನುವಾರ ನಿಮ್ಮಲ್ಲಿಗೇ ಕರೆಯಿರಿ. ಒಂದು ಚಾಪೆ, ಒಂದು ಹಂಡೆ ಚಹ, ಹರಿದ ಹತ್ತು ಪುಸ್ತಕ ಸಾಕು. ಅದೂ ಸಮ್ಮೇಳನವೇ.

ರಂಗನಾಥನ್ ಅವರು ಗ್ರಂಥಾಲಯವನ್ನು ಬೆಳೆಯುತ್ತಲೇ ಇರುವ ಜೀವಿಗೆ ಹೋಲಿಸಿದ್ದರು. ಪುಸ್ತಕ ಹೆಚ್ಚಿದರೆ ಗ್ರಂಥಾಲಯ ಬೆಳೆಯಿತೆಂದು ನಾವು ತಿಳಿಯುತ್ತೇವೆ. ಆದರೆ ಪುಸ್ತಕಗಳನ್ನು ಕಾಯುವ ವ್ಯಕ್ತಿ ಬೆಳೆಯದೆ ಹೋದರೆ ಹೆಚ್ಚಿದ ಪುಸ್ತಕಗಳು ಒರಲೆಯ ಪಾಲು. ಹದಿನೈದು ಪುಸ್ತಕಗಳ ಬೆಲೆಗೆ ನಮ್ಮ ಅಕ್ಕನವರು ಉಳಿಸಿಕೊಟ್ಟ ಪುಸ್ತಕಗಳ ಲೆಕ್ಕ ಈಗಾಗಲೇ ಅದನ್ನು ಮೀರಿದೆ.

ಮಾಸ್ತರರ ವಿಚಾರವನ್ನು ಹೇಳದೆ ಮುಗಿಸಲಾರೆವು. ವರದಿಯ ಸಭೆ ಮುಗಿದ ಮರುವಾರ ಅವರು ಬಟ್ಟೆಯಲ್ಲಿ ಸುತ್ತಿದ ಕಟ್ಟೊಂದನ್ನು ಹಿಡಿದು ವಾಚನಾಲಯಕ್ಕೆ ಬಂದರು. ಅವರ ತಂದೆಯವರು ಯೌವನದಲ್ಲಿ ತಮ್ಮ ಕೈಯಿಂದಲೇ ಪ್ರತಿ ಮಾಡಿಕೊಂಡಿದ್ದ ಯಕ್ಷಗಾನ ಪ್ರಸಂಗದ ಪುಸ್ತಕ ಅದು. ಇಪ್ಪತ್ತು ವರ್ಷಗಳ ಹಿಂದೆ ಹಾಳೆಗಳು ಹರಿಯತೊಡಗಿದಾಗ, ಅವರೇ ಪ್ರೀತಿಯಿಂದ ಕುಳಿತು ಪ್ರತಿ ಹಾಳೆಗೂ ಅಂಟುಪಟ್ಟಿ ಹಚ್ಚಿದ್ದರು. ಪಟ್ಟಿ ಉದುರಿತ್ತು. ಅದಿದ್ದ ಜಾಗದಲ್ಲಿ ಕಂದು ಬಣ್ಣ ಅಕ್ಷರಗಳನ್ನು ನುಂಗಿತ್ತು.

"ಇದನ್ನು ತೆಗೆಯಲು ಬರುತ್ತದೆಯೇ, ಮಗಳೇ?" ಎಂದು ಕೇಳಿದರು.

ಅಕ್ಕನವರು ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. "ಕಲೆ ಹೋಗುವುದಿಲ್ಲ ಮಾಸ್ತರರೇ. ಉಳಿದದ್ದು ಇನ್ನು ಹಾಳಾಗದಂತೆ ಮಾಡಬಹುದು" ಎಂದರು.

ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಪ್ಪತ್ತು ವರ್ಷ ಮೊದಲೇ ಯಾರಾದರೂ ಹೋಗಿ ಕೇಳಿಕೊಂಡು ಬಂದಿದ್ದರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಗ್ರಂಥಪಾಲಕರ ಪ್ರಯಾಣ ನಿಧಿ ಎಂಬ ಹೊಸ ಸಾಲೊಂದು ಸೇರಿದೆ. ಅದನ್ನು ಬರೆದದ್ದು ಮಾಸ್ತರರ ದುಂಡಾದ ಕೈಬರಹ.